ಹೆಂಗಸರ ನೆನಪಿನಲ್ಲಿ ಉಳಿದ ಇತಿಹಾಸ

ಇತಿಹಾಸವನ್ನು ಗೆದ್ದವರು ಬರೆಯುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸೋತವರ ಮನೆಯ ಹೆಂಗಸರು ಅದನ್ನು ನೆನಪಿಟ್ಟುಕೊಂಡಿರುತ್ತಾರೆ ಎಂದು ಹೇಳುವವರು ಕಡಿಮೆ. ಅಲ್ಜೀರಿಯಾದ ಲೇಖಕಿ ಅಸಿಯಾ ಜೆಬಾರ್ ಆ ನೆನಪಿನ ಬೆನ್ನುಹತ್ತಿದವರು.

1936ರಲ್ಲಿ ಶೆರ್ಶೆಲ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ಫಾತಿಮಾ ಝೊಹ್ರಾ. ತಂದೆ ಫ್ರೆಂಚ್ ಕಲಿಸುವ ಮೇಷ್ಟ್ರು. ಓರಗೆಯ ಹುಡುಗಿಯರು ಮನೆಯೊಳಗೆ ಸೇರುವ ವಯಸ್ಸಿನಲ್ಲಿ ಅವರು ಮಗಳನ್ನು ಓದಿಸಿದರು. 1957ರಲ್ಲಿ, ಇಪ್ಪತ್ತೊಂದರ ಪ್ರಾಯಕ್ಕೇ ಆಕೆಯ ಮೊದಲ ಕಾದಂಬರಿ ಬಂತು. 1962ರಲ್ಲಿ ದೇಶ ಸ್ವತಂತ್ರವಾದ ಮೇಲೆ ಅಲ್ಜೀರ್ಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದರು.

ಆಳಿದವರ ಭಾಷೆಯಲ್ಲೇ ತನ್ನವರ ಕತೆ ಬರೆಯುವುದು ಹೇಗೆ? 1967ರ ನಂತರ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಅವರ ಹೊಸ ಕತೆ, ಕಾದಂಬರಿ ಬರಲಿಲ್ಲ. ಆ ನಡುವೆ ಅವರು ಕ್ಯಾಮೆರಾದೊಂದಿಗೆ ತಾಯಿಯ ಕಡೆಯವರ ಶೆನುವಾ ಬೆಟ್ಟದ ಸೀಮೆಗೆ ಹೋದರು. ಸ್ವಾತಂತ್ರ್ಯ ಯುದ್ಧವನ್ನು ಕಂಡುಂಡ ಹಳ್ಳಿಯ ಹೆಂಗಸರು ತಮ್ಮ ಆಡುಮಾತಿನಲ್ಲೇ ಮಾತನಾಡಿದರು. ಆ ಚಿತ್ರಕ್ಕೆ 1979ರಲ್ಲಿ ವೆನಿಸ್‌ನಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. 1982ರ ಎರಡನೆಯ ಚಿತ್ರದಲ್ಲಿ ಫ್ರೆಂಚರೇ ತೆಗೆದ ಹಳೆಯ ದೃಶ್ಯಗಳನ್ನು ಜೋಡಿಸಿ, ಅವಕ್ಕೆ ಆಳಿಸಿಕೊಂಡವರ ದನಿ ಕೊಟ್ಟರು.

ಈ ದಾರಿಯೇ ಅವರ 1985ರ ಕಾದಂಬರಿಗೆ ಒದಗಿತು. 1845ರಲ್ಲಿ ದಹ್ರಾ ಗುಹೆಗಳಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಫ್ರೆಂಚ್ ಸೇನೆ ಬಾಗಿಲಲ್ಲಿ ಬೆಂಕಿಯಿಟ್ಟು ಹೊಗೆಯಲ್ಲಿ ಕೊಂದಿತು. ಕೊಂದ ಅಧಿಕಾರಿ ಬರೆದ ವರದಿಯನ್ನೇ ಅವರು ಸಾಕ್ಷಿಯಾಗಿ ನಿಲ್ಲಿಸಿದರು. ಅದರ ಪಕ್ಕದಲ್ಲಿ ಬೆಟ್ಟದ ಹೆಂಗಸರ ಮಾತುಗಳನ್ನಿಟ್ಟರು.

ಮನೆಯಲ್ಲಿ ಉರ್ದು ಆಡಿ ಕನ್ನಡದಲ್ಲಿ ಕತೆ ಬರೆಯುವ ನಮ್ಮ ಪಾಡು ಪೂರ್ತಿ ಅವರದ್ದಲ್ಲ. ಕನ್ನಡ ನಮ್ಮನ್ನು ಗೆದ್ದು ಬಂದ ಭಾಷೆಯಲ್ಲ, ನೆರೆಮನೆಯ ಭಾಷೆ. ಆದರೂ ದಾದಿಯರು, ನಾನಿಯರು ಹೇಳಿದ್ದನ್ನು ಬರೆಯಲು ಕುಳಿತಾಗ ಅವರ ದನಿಯಲ್ಲಿ ಏನೋ ಒಂದು ಕೈಜಾರುತ್ತದೆ. ಹಾಗೆಂದು ಬರೆಯದೆ ಬಿಟ್ಟರೆ ಪೂರ್ತಿ ಹೋಗುತ್ತದೆ.

2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಜೆಬಾರ್ 2015ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಮಣ್ಣಾದದ್ದು ಮಾತ್ರ ಹುಟ್ಟೂರಿನಲ್ಲಿ. 1948ರ ಹೈದರಾಬಾದ್ ಪೊಲೀಸ್ ಕಾರ್ಯಾಚರಣೆಯ ದಿನಗಳನ್ನು ಮಕ್ಕಳಾಗಿ ಕಂಡವರು ನಮ್ಮ ಬೀದರ್, ಕಲಬುರಗಿ ಕಡೆ ಈಗ ತೊಂಬತ್ತರ ಆಸುಪಾಸಿನ ಮುದುಕಿಯರು. ಅವರ ಬಳಿ ಕುಳಿತು ಕೇಳುವವರು ಯಾರು? ಕಾಲ ನಮಗಾಗಿ ಕಾಯುವುದಿಲ್ಲ.