ಟಾರ್ಪಾಲಿನ ಒಳಗಿನ ಗಾಳಿ

ಜುಲೈ ತಿಂಗಳ ಮಲ್ಪೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿವೆ. ರಿಪೇರಿ ಇರುವವು ನೀರಿನಿಂದ ಮೇಲೆ ಬಂದು ಶೆಡ್ಡುಗಳಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿವೆ. ಮಳೆ ಅಡ್ಡಡ್ಡ ಹೊಡೆಯುತ್ತಿದೆ. ನಾನು ಹೊಕ್ಕಿರುವ ಶೆಡ್ಡಿನ ಮೂರೂ ಬದಿಗೆ ನೀಲಿ ಟಾರ್ಪಾಲು ಇಳಿಬಿಟ್ಟು, ಅಂಚಿನ ಮೇಲೆ ಕಲ್ಲು ಹೇರಿದ್ದಾರೆ. ಒಳಗೆ ಒಂದು ಮರದ ಬೋಟಿಗೆ ಫೈಬರ್ ಹೊದಿಸುವ ಕೆಲಸ. ಫೈಬರನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಗಟ್ಟಿಯಾಗುವ ತನಕ ಅದಕ್ಕೆ ನೀರು ಸೋಕಬಾರದು. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ಕೆಲಸ ನಡೆಯುವ ತಿಂಗಳಲ್ಲೇ ಶೆಡ್ಡಿನೊಳಗೆ ಗಾಳಿ ಅತಿ ಕಡಿಮೆ.

ಮೊದಲು ಎದುರಾಗುವುದು ವಾಸನೆ. ಸಿಹಿಯೆನ್ನಬಹುದಾದ, ಆದರೆ ಮೂಗಿನ ನೆತ್ತಿಗೆ ಏರಿ ಅಲ್ಲೇ ಕೂರುವ ವಾಸನೆ. ಕಣ್ಣಂಚು ಚುರುಗುಟ್ಟುತ್ತದೆ. ಸ್ವಲ್ಪ ಹೊತ್ತು ನಿಂತರೆ ಅದು ಇಲ್ಲವೇ ಇಲ್ಲ ಅನ್ನಿಸತೊಡಗುತ್ತದೆ. ಗಾಳಿ ಬದಲಾಗಿಲ್ಲ, ಮೂಗು ಸೋತಿದೆ.

ನೆಲದ ಮೇಲೆ ಹುಡುಗನೊಬ್ಬ ಮ್ಯಾಟಿನ ಸುರುಳಿ ಬಿಚ್ಚುತ್ತಿದ್ದಾನೆ. ಬೆಳ್ಳಗೆ, ಹಗುರಾಗಿ, ಕತ್ತರಿಸಿದ ಗಾಜಿನ ಎಳೆಗಳನ್ನು ಅಡ್ಡಾದಿಡ್ಡಿ ಒತ್ತಿ ಮಾಡಿದ ಹಾಸು. ಚಾಕು ಎಳೆದಾಗಲೆಲ್ಲ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಿಂಚಿನ ಪುಡಿ ಏಳುತ್ತದೆ. ಅವನು ಅರ್ಧ ತೋಳಿನ ಅಂಗಿ ಹಾಕಿದ್ದಾನೆ. ಮೊಣಕೈ ಒಳಭಾಗ, ಕುತ್ತಿಗೆ, ಪ್ಯಾಂಟಿನ ಪಟ್ಟಿ ಬಿಗಿಯುವ ಸೊಂಟ, ಬಟ್ಟೆ ಉಜ್ಜುವಲ್ಲೆಲ್ಲ ಕೆಂಪು ಗುಳ್ಳೆ. ಉಗುರಿನಿಂದ ಪರಚಿಕೊಳ್ಳುತ್ತಾನೆ. ನನ್ನ ಮುಂಗೈಗೂ ಆಗಲೇ ತುರಿಕೆ ಹತ್ತಿದೆ.

"ಸುರುವಿಗೆ ಎಂಟು ದಿನ ತುರಿಸ್ತದೆ ಸರ್, ಮತ್ತೆ ಗೊತ್ತೇ ಆಗುದಿಲ್ಲ. ಮೈಗೆ ಅಭ್ಯಾಸ ಆಗ್ತದೆ" ಎನ್ನುತ್ತಾರೆ ಮೇಸ್ತ್ರಿ. ಐವತ್ತು ದಾಟಿದವರು. ಬಾಯಿ ಮೂಗಿಗೆ ಬೈರಾಸು ಕಟ್ಟಿದ್ದಾರೆ.

ಚರ್ಮದ ಮಟ್ಟಿಗೆ ಅವರ ಮಾತು ನಿಜವೇ. ಇದು ವಿಷವಲ್ಲ, ಚುಚ್ಚು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ ಈ ಎಳೆಗಳದ್ದು ಹತ್ತು ಹದಿನೈದರ ಆಸುಪಾಸು. ಮುರಿದ ತುದಿ ಚರ್ಮದ ಮೇಲ್ಪದರಕ್ಕೆ ನಾಟುತ್ತದೆ. ಕೆಲವರಿಗೆ ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ, ಕೆಲವರಿಗೆ ಎಂದೂ ಇಲ್ಲ. ಪರಚಿದಷ್ಟೂ ಎಳೆ ಒಳಗಿಳಿಯುತ್ತದೆ. ಉಜ್ಜದೆ ಹರಿಯುವ ನೀರಿನಲ್ಲಿ ತೊಳೆದು, ಉಳಿದಿದ್ದನ್ನು ಅಂಟು ಟೇಪಿನಿಂದ ಎತ್ತಿದರೆ ಸಾಕು. ಆದರೆ ಇಲ್ಲಿ ಕೈ ತೊಳೆಯುವುದು ಅಸಿಟೋನಿನಲ್ಲಿ. ರೆಸಿನ್ ಕರಗುತ್ತದೆ, ಜೊತೆಗೆ ಚರ್ಮದ ಎಣ್ಣೆಯೂ ಹೋಗುತ್ತದೆ. ಒಣಗಿ ಬಿರಿದ ಚರ್ಮಕ್ಕೆ ಗಾಜು ಇನ್ನೂ ಸಲೀಸಾಗಿ ಹೊಗುತ್ತದೆ.

"ಇದರಿಂದ ಕ್ಯಾನ್ಸರ್ ಬರ್ತದಂತೆ, ಹೌದಾ?" ಹುಡುಗ ತಲೆ ಎತ್ತದೆ ಕೇಳುತ್ತಾನೆ. ಮನೆಯಲ್ಲಿ ಯಾರೋ ಕಲ್ನಾರಿನ ಕಥೆ ಹೇಳಿದ್ದಾರೆ.

ಅವನಿಗೆ ಸರಿಯಾದ ಉತ್ತರ ಸಿಗಬೇಕು. ಕಲ್ನಾರಿನ ಎಳೆ ಉದ್ದಕ್ಕೆ ಸೀಳುತ್ತದೆ. ಒಂದು ಎಳೆ ಹತ್ತಾಗಿ, ಸಪುರವಾಗುತ್ತಾ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಗಾಜಿನ ಎಳೆ ಅಡ್ಡಕ್ಕೆ ಮುರಿಯುತ್ತದೆ, ಗಿಡ್ಡವಾದೀತು, ಸಪುರವಾಗದು. ಸುಮಾರು 3 ಮೈಕ್ರಾನ್‌ಗಿಂತ ದಪ್ಪದ ಎಳೆ ಶ್ವಾಸಕೋಶದ ಆಳಕ್ಕೆ ತಲುಪುವುದಿಲ್ಲ, ಮೂಗು ಗಂಟಲಲ್ಲೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಗಾಜಿನ ಉಣ್ಣೆಯನ್ನು 'ಕ್ಯಾನ್ಸರ್ ತರಬಹುದಾದ' ವಸ್ತುಗಳ ಸಾಲಿಗೆ ಸೇರಿಸಿತ್ತು. 2001ರಲ್ಲಿ ಮತ್ತೆ ಕೂತು ಪರಿಶೀಲಿಸಿ, ಕಟ್ಟಡಗಳಿಗೆ ಬಳಸುವ ಗಾಜಿನ ಉಣ್ಣೆಯನ್ನು ಆ ಸಾಲಿನಿಂದ ಕೆಳಗಿಳಿಸಿತು. ಈ ಮ್ಯಾಟಿನಲ್ಲಿರುವಂಥ ಉದ್ದೆಳೆಯ ಗಾಜನ್ನೂ ಆ ಸಾಲಿಗೆ ಸೇರಿಸಲಿಲ್ಲ. ಕೆಲವು ವಿಶೇಷ ಬಳಕೆಯ ಅತಿ ಸಪುರ ಎಳೆಗಳು ಮಾತ್ರ ಅಲ್ಲೇ ಉಳಿದವು. ಅಂದರೆ ಹುಡುಗ ಹೆದರುತ್ತಿರುವ ವಸ್ತು ಈ ಶೆಡ್ಡಿನ ದೊಡ್ಡ ಅಪಾಯವಲ್ಲ. ದೊಡ್ಡದು ತುರಿಸುವುದಿಲ್ಲ.

ಅದು ಈಗ ಬಕೆಟ್ಟಿನಲ್ಲಿದೆ. ಮೇಸ್ತ್ರಿ ರೆಸಿನ್ ಸುರಿದು, ಮೊದಲು ನೇರಳೆ ಬಣ್ಣದ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಕುತ್ತಾರೆ. ಆಮೇಲಷ್ಟೇ ಹಾರ್ಡ್‌ನರ್. ಎರಡನ್ನೂ ನೇರವಾಗಿ ಕೂಡಿಸಿದರೆ ಸ್ಫೋಟ. ಇದು ಅವರಿಗೆ ಯಾರೂ ಬರೆದುಕೊಟ್ಟಿದ್ದಲ್ಲ, ಕೈಗೆ ಗೊತ್ತು. ಆದರೆ ನೀರಿನಂತೆ ಕಾಣುವ ಆ ಹಾರ್ಡ್‌ನರ್ ಒಂದು ಪೆರಾಕ್ಸೈಡ್. ಕಣ್ಣಿಗೆ ಒಂದು ಹನಿ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ, ಗಾಜಿನ ಮೇಲೆ ದಪ್ಪಕ್ಕೆ ಧೂಳು. ಬದಿಯಲ್ಲಿ ಒಂದು ಕೊಡ ಶುದ್ಧ ನೀರು ಇಲ್ಲ. ಹನಿ ಬಿದ್ದರೆ ಆ ಕ್ಷಣ ಬೇಕಾಗುವುದು ಅದೇ, ಕಾಲು ಗಂಟೆ ಬಿಡದೆ ಕಣ್ಣು ತೊಳೆಯಲು.

ಹುಡುಗ ಬೋಟಿನ ಹೊಟ್ಟೆಗೆ ಇಳಿಯುತ್ತಾನೆ. ಮ್ಯಾಟ್ ಹಾಸಿ, ಬ್ರಷ್ಷಿನಲ್ಲಿ ರೆಸಿನ್ ಬಳಿದು, ಗುಳ್ಳೆ ಹೋಗಲೆಂದು ರೋಲರ್ ಉರುಳಿಸುತ್ತಾನೆ. ಬಿಳಿ ಹಾಸು ಕಣ್ಣೆದುರೇ ಪಾರದರ್ಶಕವಾಗುತ್ತದೆ. ರೋಲರ್ ಹರಿದಷ್ಟೂ ವಾಸನೆ ದಟ್ಟವಾಗುತ್ತದೆ. ಪಾಲಿಯೆಸ್ಟರ್ ರೆಸಿನ್ನಿನ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸ್ಟೈರೀನ್. ಹೆಚ್ಚಿನದು ಗಟ್ಟಿಯಾಗಿ ಬೋಟಿನ ಭಾಗವಾಗುತ್ತದೆ, ಉಳಿದದ್ದು ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬಾವಿಗೆ ಇಳಿದವನ ಹಾಗೆ ಹುಡುಗ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಆವಿಯೂ ಅಲ್ಲಿಗೇ ಇಳಿಯುತ್ತಿದೆ. ಮೇಲೆ ನಿಂತ ನನಗೆ ತಗಲುವುದು ಅವನಿಗೆ ತಗಲುವುದರ ಒಂದು ಚೂರು.

2018ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಟೈರೀನನ್ನು 'ಬಹುಮಟ್ಟಿಗೆ ಕ್ಯಾನ್ಸರ್‌ಕಾರಕ' ಎಂಬ ಮೇಲಿನ ಸಾಲಿಗೆ ಏರಿಸಿತು. ಗಾಜು ಕೆಳಗಿಳಿಯಿತು, ರೆಸಿನ್ನಿನ ಆವಿ ಮೇಲೇರಿತು. ಊರಿನಲ್ಲಿ ಇನ್ನೂ ಗಾಜಿಗೇ ಹೆದರುತ್ತಾರೆ. ಕ್ಯಾನ್ಸರ್ ದೂರದ ಮಾತು ಅನ್ನಿಸಿದರೆ ಹತ್ತಿರದ್ದೂ ಇದೆ: ತಲೆಭಾರ, ಓಕರಿಕೆ, ಏಕಾಗ್ರತೆ ತಪ್ಪುವುದು, ವರ್ಷಗಟ್ಟಲೆ ಮಾಡಿದವರಲ್ಲಿ ಬಣ್ಣಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸಲಾಗದಿರುವುದು, ಗ್ರೈಂಡರಿನ ಸದ್ದಿನ ಜೊತೆ ಸೇರಿ ಕಿವಿ ಮಂದವಾಗುವುದು.

"ಸಂಜೆ ತಲೆ ಗಿಮ್ ಅಂತದೆ ಸರ್. ಬೋಟಿನಿಂದ ಹೊರಗೆ ಬಂದು ಸಮುದ್ರದ ಗಾಳಿ ತಾಗಿದ್ರೆ ಸರಿ ಆಗ್ತದೆ" ಎನ್ನುತ್ತಾರೆ ಮೇಸ್ತ್ರಿ. ಆ ಸಮುದ್ರದ ಗಾಳಿ ಹದಿನೈದು ಅಡಿ ಆಚೆ, ಟಾರ್ಪಾಲಿನ ಹೊರಗೆ ಬೀಸುತ್ತಲೇ ಇದೆ.

ಮಧ್ಯಾಹ್ನ ಊಟದ ಬಳಿಕ ನಿನ್ನೆ ಗಟ್ಟಿಯಾದ ಪದರಕ್ಕೆ ಗ್ರೈಂಡರ್ ಹಿಡಿಯುತ್ತಾರೆ. ಕೆಲವೇ ಕ್ಷಣ, ಎದುರಿನ ಗೋಡೆ ಕಾಣುವುದಿಲ್ಲ. ಬೆಳಗಿನ ಮಿಂಚಿನ ಪುಡಿಯಂತಲ್ಲ ಇದು. ಗಟ್ಟಿ ರೆಸಿನ್ ಮತ್ತು ಗಾಜು ಒಟ್ಟಿಗೆ ಅರೆದ ಹಿಟ್ಟು, ತೇಲುತ್ತಲೇ ಇರುವಷ್ಟು ನಯ. ಗಾಜು ಸ್ಫಟಿಕವಲ್ಲದ ಕಾರಣ ಕಲ್ಲು ಕ್ವಾರಿಯವರಿಗೆ ಬರುವ ಸಿಲಿಕೋಸಿಸ್ ಇದರಿಂದ ಬರುವುದಿಲ್ಲ. ಆದರೆ ಬೇರೆ ಅಪಾಯಗಳಿವೆ. 2013ರಲ್ಲಿ ಎದೆರೋಗ ತಜ್ಞರು ಫೈಬರ್‌ಗ್ಲಾಸ್ ಕೆಲಸಗಾರರಾದ ಆರು ಮಂದಿಯ ಬಗ್ಗೆ ಬರೆದರು: ಶ್ವಾಸಕೋಶದ ಅತಿ ಸಣ್ಣ ಗಾಳಿದಾರಿಗಳು ಗಾಯದ ಕಲೆಗಟ್ಟಿ ಮುಚ್ಚಿಹೋಗುವ, ವಾಪಸಾಗದ ಕಾಯಿಲೆ. ಅಪರೂಪದ್ದು. ಅದು ನನ್ನನ್ನು ಕಾಡುವುದು ಬೇರೆ ಕಾರಣಕ್ಕೆ: ಈ ಕಾಯಿಲೆಯಲ್ಲಿ ಎದೆಯ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು, ರೋಗಿಗೆ ಅಸ್ತಮಾ ಎಂದು ಔಷಧಿ ಕೊಟ್ಟು ಕಳಿಸಬಹುದು.

ಬೈರಾಸು ಈ ಹಿಟ್ಟನ್ನು ತಡೆಯದು. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಆವಿಯನ್ನು ಒಳಗೆ ಬಿಡುತ್ತದೆ. ರೆಸಿನ್ ಹಚ್ಚುವಾಗ ಬೇಕಾದ್ದು ಇದ್ದಿಲು ತುಂಬಿದ ಡಬ್ಬಿಯ ಮಾಸ್ಕ್, ಅದೂ ಕಾಲಕಾಲಕ್ಕೆ ಡಬ್ಬಿ ಬದಲಿಸಿದರೆ ಮಾತ್ರ. ಅದಕ್ಕಿಂತ ಮೊದಲು ಬೇಕಾದ್ದು ಬೋಟಿನ ತಳದಿಂದ ಗಾಳಿ ಹೀರಿ ಪೈಪಿನಲ್ಲಿ ಹೊರಗೆ ಬಿಡುವ, ಕಿಡಿ ಹಾರದ ಫ್ಯಾನು. ಸ್ಟೈರೀನ್ ಆವಿಗೆ ಬೆಂಕಿ ಹತ್ತುತ್ತದೆ. ಮಾಲೀಕರು ಇದನ್ನು ಕೊಡಿಸಲೇಬೇಕು ಎಂದು ಗದರಿಸುವವರು ಯಾರು? 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಕಾರ್ಖಾನೆ ಎಂದಿತ್ತು. 2020ರ ಕಾರ್ಮಿಕ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಈ ಶೆಡ್ಡಿನಲ್ಲಿ ಆರೇಳು ಜನ. ಅಪಾಯ ಹೆಚ್ಚಿರುವ ಕಡೆಯೇ ಲೆಕ್ಕ ಕಡಿಮೆ ಬೀಳುವುದು ಅನ್ಯಾಯ.

ಸಂಜೆ ಮೇಸ್ತ್ರಿ ಅದೇ ಬಟ್ಟೆಯಲ್ಲಿ ಸ್ಕೂಟರ್ ಹತ್ತುತ್ತಾರೆ, ಹಿಂದೆ ನಾನು. ಮನೆಯಲ್ಲಿ ಮೊಮ್ಮಗಳು ಓಡಿಬಂದು ಕಾಲಿಗೆ ತೆಕ್ಕೆಹಾಕುತ್ತಾಳೆ. ಬಟ್ಟೆ ಎಲ್ಲರದರ ಜೊತೆ ಒಂದೇ ಮೆಷಿನ್ನಿಗೆ. ಮಗುವಿನ ತೊಡೆ ಸಂದಿಯಲ್ಲಿ ಆಗಾಗ ಏಳುವ ಗುಳ್ಳೆಗೆ ಬೆವರುಸಾಲೆ ಎಂದು ಪೌಡರ್ ಹಾಕುತ್ತಿದ್ದರಂತೆ. ಕೆಲಸದ ಬಟ್ಟೆ ಬೇರೆಯೇ ಒಗೆದು, ಆಮೇಲೆ ಮೆಷಿನ್ ಒಮ್ಮೆ ಖಾಲಿ ನೀರಿನಲ್ಲಿ ತಿರುಗಿಸಿ ಎನ್ನುತ್ತೇನೆ. ಮನೆಯ ಅಮ್ಮನವರು ತಲೆಯಾಡಿಸಿ ಅಂಗಳದ ಮೇಲಿನ ಫೈಬರ್ ಶೀಟು ತೋರಿಸುತ್ತಾರೆ: "ಅದನ್ನು ಗುಡಿಸಿದ ದಿನವೂ ಕೈ ತುರಿಸ್ತದೆ." ವರ್ಷಗಳ ಬಿಸಿಲಿಗೆ ಮೇಲಿನ ರೆಸಿನ್ ಸವೆದು ಎಳೆಗಳು ರೋಮದಂತೆ ಎದ್ದಿವೆ. ಒಣ ಪೊರಕೆ ಬೇಡ, ಒದ್ದೆ ಮಾಡಿ ಒರೆಸಿ, ಇಲ್ಲವೇ ಶೀಟು ಬದಲಿಸಿ. ಬೆಂಗಳೂರಿನ ಕಚೇರಿಗಳ ಎಸಿ ಪೈಪಿಗೆ ಸುತ್ತಿದ ಗಾಜಿನ ಉಣ್ಣೆಯ ವಿಷಯವೂ ಇಷ್ಟೇ: ಮುಚ್ಚಿಕೊಂಡಿರುವ ತನಕ ತೊಂದರೆ ಇಲ್ಲ, ಹರಿದು ಕಿತ್ತಾಗ ಅದರಡಿ ನಿಂತವನಿಗೇ ತೊಂದರೆಯೆಲ್ಲ.

ಚಹಾ ಕುಡಿಯುತ್ತಾ ಮೇಸ್ತ್ರಿ ಒಂದು ಸಲ ಕೆಮ್ಮುತ್ತಾರೆ, ಮತ್ತೊಂದು ಸಲ. ಮಹಡಿ ಮೆಟ್ಟಿಲು ಹತ್ತಿದರೆ ಈಚೆಗೆ ಉಬ್ಬಸವಂತೆ.

"ಡಾಕ್ಟ್ರ ಹತ್ರ ಎಂತ ಹೇಳುದು ಸರ್?"

ಕೂಲಿ ಕೆಲಸ ಎನ್ನಬೇಡಿ ಎನ್ನುತ್ತೇನೆ. ಫೈಬರ್ ಕೆಲಸ, ರೆಸಿನ್ ಹಚ್ಚುತ್ತೇನೆ, ಗ್ರೈಂಡರ್ ಹಿಡಿಯುತ್ತೇನೆ, ಎಷ್ಟು ವರ್ಷದಿಂದ ಎಂದು ಹೇಳಿ. ಎಕ್ಸ್‌ರೇ ಮಾತ್ರ ಸಾಲದು, ಕೊಳವೆಗೆ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ ಕೇಳಿ. ದೇಹಕ್ಕೆ ಹೊಕ್ಕ ಸ್ಟೈರೀನ್ ಮ್ಯಾಂಡೆಲಿಕ್ ಆಸಿಡ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಕೆಲಸ ಮುಗಿದ ಸಂಜೆಯೇ ಮೂತ್ರ ಕೊಟ್ಟರೆ ಲ್ಯಾಬಿನಲ್ಲಿ ಅದನ್ನು ಅಳೆಯಬಹುದು.

ಅವರು ಆ ಹೆಸರನ್ನು ನನ್ನ ಕೈಯಿಂದಲೇ ಮೊಬೈಲಿನಲ್ಲಿ ಬರೆಸಿಕೊಳ್ಳುತ್ತಾರೆ. "ಭಾನುವಾರ ಹೋಗ್ಲಿಕ್ಕೆ ಆಗುದಿಲ್ಲ, ಅಲ್ವಾ? ಕೆಲಸ ಇದ್ದ ದಿನವೇ ಹೋಗ್ಬೇಕು. ಹುಡುಗನನ್ನೂ ಕರ್ಕೊಂಡು ಹೋಗ್ತೇನೆ."