ಕಾರ್ಖಾನೆಯ ಹಿಂದೆ ಬಂದವರ ಊರು

ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ನಲ್ಲಿ ಎಷ್ಟು ನಡೆದರೂ ದಾರಿ ಮುಗಿಯುವುದಿಲ್ಲ. ಬಳಸಿಕೊಂಡು ಬಂದು ಹೊರಟಲ್ಲಿಗೇ ಸೇರುತ್ತದೆ. 13 ಲಕ್ಷ ಚದರ ಅಡಿಗೂ ಮಿಗಿಲಾದ ಜಾಗ, ಉದ್ದಕ್ಕೂ ಬಟ್ಟೆ, ಬೂಟು, ಆಟಿಕೆಗಳ ಅಂಗಡಿ. 1955ರಿಂದ 1983ರವರೆಗೆ ಇದೇ ಕಟ್ಟಡದಲ್ಲಿ ಫೋರ್ಡ್ ಕಾರುಗಳು ತಯಾರಾಗುತ್ತಿದ್ದವು, ಮಸ್ಟ್ಯಾಂಗ್ ಕೂಡ ಇಲ್ಲಿಂದ ರಸ್ತೆಗಿಳಿಯುತ್ತಿತ್ತು ಎಂದು ತಿಳಿದಾಗ ತಲೆಯೆತ್ತಿ ಆ ಸೂರನ್ನು ಮತ್ತೆ ಮತ್ತೆ ನೋಡಿದೆ. ಮುಚ್ಚಿದ ಕಾರ್ಖಾನೆಯನ್ನೇ 1994ರಲ್ಲಿ ಮಾಲ್ ಮಾಡಿದ್ದಾರೆ!

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಉತ್ತರಕ್ಕೆ ಅಂಟಿಕೊಂಡಿರುವ ಊರು ಮಿಲ್ಪಿಟಾಸ್. ಮೂಲತಃ ಓಲೋನಿ ಎಂಬ ಮೂಲನಿವಾಸಿಗಳ ನೆಲ. 1835ರಲ್ಲಿ ಮೆಕ್ಸಿಕೋ ಆಡಳಿತ ಇದನ್ನು ಹೋಸೆ ಮರಿಯಾ ಅಲ್ವಿಸೊ ಎಂಬವನಿಗೆ ಉಂಬಳಿ ಕೊಟ್ಟಿತು. ಅವನ ಹಸಿ ಇಟ್ಟಿಗೆಯ ಮನೆ ಬೆಟ್ಟದ ಬುಡದಲ್ಲಿ ಇನ್ನೂ ಗಟ್ಟಿಯಾಗಿ ನಿಂತಿದೆ. ಆಮೇಲೆ ಬಹುಕಾಲ ಬರೀ ತೋಟ, ಹೊಲ, ದನಕರು. 1954ರಲ್ಲಿ ಪುರಸಭೆಯಾದಾಗಲೂ ಇಲ್ಲಿದ್ದವರು ಸಾವಿರಕ್ಕಿಂತ ಕಡಿಮೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಸನ್ನಿಹಿಲ್ಸ್ ಬಡಾವಣೆ. ಫೋರ್ಡ್ ತನ್ನ ಕಾರ್ಖಾನೆಯನ್ನು ಸುಮಾರು 80 ಕಿಲೋಮೀಟರ್ ಆಚೆಯ ರಿಚ್ಮಂಡ್‌ನಿಂದ ಇಲ್ಲಿಗೆ ತಂದಿತು. ಕೆಲಸ ಉಳಿಯಬೇಕಾದರೆ ಕಾರ್ಮಿಕರೂ ಬರಬೇಕು. ಬಿಳಿಯರಿಗೇನೋ ಸುತ್ತಮುತ್ತ ಮನೆಗಳು ಸಿಕ್ಕವು. ಸುಮಾರು 250 ಮಂದಿ ಕಪ್ಪುವರ್ಣೀಯ ಕಾರ್ಮಿಕರಿಗೆ ಮನೆ ಮಾರಲು ಯಾರೂ ತಯಾರಿರಲಿಲ್ಲ. ಕೊನೆಗೆ ಕಾರ್ಮಿಕ ಸಂಘವೇ ಟೊಂಕ ಕಟ್ಟಿ ನಿಂತಿತು. ಒಳಚರಂಡಿ ಸಂಪರ್ಕದ ಶುಲ್ಕವನ್ನು ಹಲವು ಪಟ್ಟು ಏರಿಸಿ ಅಡ್ಡಗಾಲು ಹಾಕಿದವರಿಗೂ ಜಗ್ಗದೆ, ಎರಡೂ ಬಣ್ಣದವರು ಅಕ್ಕಪಕ್ಕದಲ್ಲಿ ಬಾಳುವ ಬಡಾವಣೆಯನ್ನು ಎಬ್ಬಿಸಿಯೇಬಿಟ್ಟಿತು. ಸಂಘದ ವಸತಿ ಸಮಿತಿಯ ಮುಂದಾಳಾಗಿದ್ದ ಬೆನ್ ಗ್ರಾಸ್, ಕಪ್ಪುವರ್ಣೀಯ ಕಾರ್ಮಿಕ, 1966ರಲ್ಲಿ ಈ ಊರಿನ ಮೇಯರ್ ಆದರು. ಆಗ ಇಲ್ಲಿದ್ದವರಲ್ಲಿ ಬಿಳಿಯರೇ ಹೆಚ್ಚು!

ಆ ಬೀದಿಗಳಲ್ಲಿ ಸುತ್ತಾಡಿದೆ. ತಗ್ಗು ಸೂರಿನ ಒಂದಂತಸ್ತಿನ ಮನೆಗಳು, ಅಂಗಳದಲ್ಲಿ ನಿಂಬೆಗಿಡ, ಗೇಟಿನ ಬಳಿ ಮಕ್ಕಳ ಸೈಕಲ್. ತೀರಾ ಸಾಧಾರಣ ಬೀದಿ. ಇಷ್ಟು ಸಾಧಾರಣ ಬದುಕಿಗಾಗಿ ಅವರು ಅಷ್ಟೊಂದು ಹೆಣಗಬೇಕಾಯಿತಲ್ಲ ಎನಿಸಿ ಮನಸ್ಸು ತುಂಬಿ ಬಂತು.

ಊರಿನವರ ಛಲವೂ ದೊಡ್ಡದು. 1961ರಲ್ಲಿ ಸ್ಯಾನ್ ಹೋಸೆ ಇದನ್ನು ತನ್ನೊಳಗೆ ಸೇರಿಸಿಕೊಳ್ಳಲು ಹೊರಟಾಗ ಮತ ಹಾಕಿ ಬೇಡವೆಂದರು. 1916ರ ಶಾಲೆಯನ್ನು ಕೆಡವದೆ ಉಳಿಸಿಕೊಂಡು, ಅದಕ್ಕೇ ಹೊಂದಿಸಿ 2009ರಲ್ಲಿ ಹೊಸ ಗ್ರಂಥಾಲಯ ಕಟ್ಟಿಕೊಂಡರು.

ಈಗ ಜನಸಂಖ್ಯೆ ಸುಮಾರು 80 ಸಾವಿರ. ಚಿಪ್ ಉದ್ಯಮಕ್ಕೆ ಯಂತ್ರ ಒದಗಿಸುವ ಕೆಎಲ್‌ಎ ಕಂಪನಿಯ ನೆಲೆ ಇಲ್ಲೇ. ವಿಯೆಟ್ನಾಂ, ಚೀನಾ, ಫಿಲಿಪೀನ್ಸ್, ಭಾರತ ಮೂಲದವರು ಊರು ತುಂಬ ಇದ್ದಾರೆ. ಮೇನ್ ಸ್ಟ್ರೀಟ್‌ನಲ್ಲಿ ಜೈನ ಬಸದಿಯಿದೆ, ದಿನಸಿ ಅಂಗಡಿಯಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. 2020ರಲ್ಲಿ ಈ ಭಾಗದ ಊರುಗಳನ್ನು ಜೋಡಿಸುವ ಬಾರ್ಟ್ ರೈಲು ಬಂತು. ಅದರ ಕಿತ್ತಳೆ ಬಣ್ಣದ ಮಾರ್ಗದ ಉತ್ತರದ ಕೊನೆಯ ನಿಲ್ದಾಣ ರಿಚ್ಮಂಡ್. ಗ್ರಾಸ್ ಮತ್ತು ಅವರ ಜೊತೆಗಾರರು ಕೆಲಸದ ಬೆನ್ನು ಹತ್ತಿ ಬಂದ ಆ ದಾರಿಯನ್ನು ಇಂದು ಯಾರು ಬೇಕಾದರೂ ಟಿಕೆಟ್ ಕೊಂಡು ಕೂತೇ ಸಾಗಬಹುದು.