ಕುದುರೆಗಳು ಕಾಯ್ದ ಕಾಡಿನಲ್ಲಿ

ಇಂಗ್ಲೆಂಡಿಗೆ ಹೋದವರು ಲಂಡನ್ನಿನ ಅರಮನೆ, ಸೇತುವೆಗಳನ್ನು ಕಂಡು ಹಿಂದಿರುಗುವುದೇ ವಾಡಿಕೆ. ಮಗನ ಮನೆಗೆಂದು ಹೋಗಿದ್ದ ನಾವು ದಂಪತಿಗಳು, ಆಗಸ್ಟ್ ತಿಂಗಳ ಒಂದು ಮುಂಜಾನೆ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ದಕ್ಷಿಣದ ಹ್ಯಾಂಪ್‌ಶೈರ್ ಪ್ರಾಂತದ ನ್ಯೂ ಫಾರೆಸ್ಟ್ ಅರಣ್ಯವನ್ನು ನಡೆದು ನೋಡಲು ಹೊರಟೆವು. ಹೆಸರೇನೋ 'ಹೊಸ ಕಾಡು'. ಆದರೆ ದೊರೆ ಮೊದಲನೆಯ ವಿಲಿಯಂ ಇದನ್ನು ತನ್ನ ಬೇಟೆಗೆಂದು ಮೀಸಲಿರಿಸಿದ್ದು 1079ರ ಸುಮಾರಿನಲ್ಲಿ.

ಬ್ಯೂಲಿ ರೋಡ್ ಎಂಬ ಚಿಕ್ಕ ರೈಲು ನಿಲ್ದಾಣದಲ್ಲಿಳಿದು ಡೆನ್ನಿ ವುಡ್ ಎಂಬ ಹಳೆಯ ವನದತ್ತ ಕಾಲು ಹಾಕಿದೆವು. ಮೊದಲು ಎದುರಾದದ್ದು ವಿಶಾಲವಾದ ಬಯಲು. ಮೊಣಕಾಲೆತ್ತರದ ಹೆದರ್ ಗಿಡಗಳು ನೇರಳೆ ಬಣ್ಣದ ಹೂ ತಳೆದು ದಿಗಂತದವರೆಗೂ ಹಬ್ಬಿದ್ದವು. ನಡುವೆ ಒಂದೆಡೆ ಎಳೆ ಹಸುರಿನ ಹಾಸು ಕಂಡಿತು. ಹುಲ್ಲೆಂದು ಭ್ರಮಿಸಿ ಯಜಮಾನರು ಹೆಜ್ಜೆಯಿಟ್ಟರು. ಎಡಗಾಲು ಮೊಣಕಾಲಿನವರೆಗೆ ಇಳಿದುಹೋಯಿತು! ಅದು ನೀರು ಹೀರಿದ ಪಾಚಿ. ಕೆಳಗೆ ಕೊಳೆಯದೆ ಉಳಿದ ಸಸ್ಯಗಳ ಕಪ್ಪು ಹುದುಲು. ಊರುಗೋಲು ಚಾಚಿ ಎಳೆದುಕೊಳ್ಳುವಷ್ಟರಲ್ಲಿ ಇಬ್ಬರಿಗೂ ಬೆವರಿಳಿದಿತ್ತು. ದಡದಲ್ಲಿ ಕುಳಿತು ನೋಡಿದಾಗ, ಸಾರವಿಲ್ಲದ ಆ ನೆಲದಲ್ಲಿ ಎಲೆಯ ಅಂಟಿನಿಂದ ಹುಳುಗಳನ್ನು ಹಿಡಿದುಣ್ಣುವ ಪುಟ್ಟ ಕೆಂಪು ಗಿಡಗಳು ಕಂಡವು.

ಮರಹಲಗೆಯ ಸೇತುವೆ ದಾಟಿ ವನವನ್ನು ಹೊಕ್ಕೆವು. ಓಕ್, ಬೀಚ್ ವೃಕ್ಷಗಳು ಮುಗಿಲಿಗೆ ಚಾಚಿದ್ದವು. ಬಿದ್ದ ಮರಗಳನ್ನು ಯಾರೂ ಎತ್ತಿರಲಿಲ್ಲ. ಅವುಗಳ ಮೇಲೆ ಅಣಬೆಗಳೂ ಒಳಗೆ ಜೀರುಂಡೆಗಳೂ ಸಂಸಾರ ಹೂಡಿದ್ದವು. ನೆರಳಿನಲ್ಲಿ ಗಿಡ್ಡ ಕುದುರೆಗಳು ನಿಂತಿದ್ದವು. ಕಾಡುಕುದುರೆಗಳೆಂದೇ ನಾವು ತಿಳಿದಿದ್ದೆವು. ತನ್ನ ಕುದುರೆಯನ್ನು ಹುಡುಕುತ್ತ ಬಂದಿದ್ದ ರೈತ ಮಹಿಳೆಯೊಬ್ಬರು ನಕ್ಕು, "ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಬಾಲದ ಕೂದಲನ್ನು ನೋಡಿ" ಎಂದರು. ಮೇವಿನ ಶುಲ್ಕ ಸಂದಿದೆಯೆಂಬುದಕ್ಕೆ ಬಾಲದ ಕೂದಲನ್ನು ಒಂದು ಬಗೆಯಲ್ಲಿ ಕತ್ತರಿಸುತ್ತಾರಂತೆ.

ಸುತ್ತಲಿನ ಕೆಲವು ಮನೆ, ಹೊಲಗಳಿಗೆ ಈ ಕಾಡಿನಲ್ಲಿ ಮೇಯಿಸುವ ಹಕ್ಕು ತಲೆತಲಾಂತರದಿಂದ ಅಂಟಿಕೊಂಡು ಬಂದಿದೆ. ಶರತ್ಕಾಲದಲ್ಲಿ ಹಂದಿಗಳನ್ನೂ ಬಿಡುತ್ತಾರೆ. ಕುದುರೆಗಳಿಗೆ ವಿಷವಾಗುವ ಓಕ್ ಕಾಯಿಗಳನ್ನು ಅವು ತಿಂದು ಮುಗಿಸುತ್ತವೆ. ದನ, ಕುದುರೆಗಳು ಮೇಯದಿದ್ದರೆ ನಾವು ದಾಟಿದ ಹೂಬಯಲನ್ನು ಕ್ರಮೇಣ ಪೊದೆ, ಮರಗಳು ನುಂಗಿಬಿಡುತ್ತಿದ್ದವು. 1851ರ ಕಾಯಿದೆಯು ವಿಸ್ತಾರವಾದ ನೆಲಕ್ಕೆ ಬೇಲಿ ಹಾಕಿ ಮರದಿಮ್ಮಿಗಾಗಿ ತೋಪು ಬೆಳೆಸಲು ಅವಕಾಶ ನೀಡಿದಾಗ ಹಕ್ಕುದಾರರು ಸುಮ್ಮನಿರಲಿಲ್ಲ. ಅವರ ಪ್ರತಿಭಟನೆಯ ಫಲವಾಗಿ 1877ರ ಕಾಯಿದೆ ಹೊಸ ಬೇಲಿಗಳನ್ನು ತಡೆಯಿತು. 2005ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು.

ಓಕ್ ಮರದ ಬುಡದಲ್ಲಿ ಬುತ್ತಿ ಬಿಚ್ಚಿದಾಗ ರೊಟ್ಟಿ, ಶೇಂಗಾ ಚಟ್ನಿ ಗಂಟಲಲ್ಲಿ ಇಳಿಯಲಿಲ್ಲ. ನಮ್ಮೂರಿನ ಗೋಮಾಳ ನೆನಪಾಗಿತ್ತು. ಮೂಡಲಿಂದ ಒಬ್ಬರು, ಪಡುವಲಿಂದ ಒಬ್ಬರು ಒತ್ತುತ್ತ ಬಂದು ಇಂದು ಅಲ್ಲಿ ಒಂದು ಎಮ್ಮೆ ಹೊರಳಲೂ ಜಾಗವಿಲ್ಲ. ಒತ್ತಿದವರನ್ನು ದೂರುವ ಮುನ್ನ, ನೋಡಿಯೂ ಸುಮ್ಮನಿದ್ದ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾಯಿತು. ಊರಿನ ಸೊತ್ತನ್ನು ಕಾಯುವುದೂ ಕಾಯಕವಲ್ಲವೆ? ದಾಸೋಹದ ಮಾತನಾಡುವ ನಾವು ಮೂಕಪ್ರಾಣಿಗಳ ಪಾಲಿನ ಹಿಡಿ ಹುಲ್ಲನ್ನು ಉಳಿಸಿಕೊಳ್ಳಲಾರದೆ ಹೋದೆವು.

ಸಂಜೆ ನಿಲ್ದಾಣ ಸೇರುವಾಗ ಯಜಮಾನರ ಷರಾಯಿಯ ಕೆಸರು ಒಣಗಿತ್ತು. ಊರಿಗೆ ಮರಳಿದೊಡನೆ ಗೋಮಾಳದ ಹಳೆಯ ನಕ್ಷೆಯನ್ನು ಹುಡುಕಿಸಬೇಕೆಂದು ರೈಲಿನಲ್ಲಿಯೇ ನಿಶ್ಚಯಿಸಿದೆವು.